ಹನ್ನೊಂದನೇ ಕಾಲಂ

ಜಿಲ್ಲಾ ಕಚೇರಿಯಿಂದ ಒಂದು ನಮೂನೆ ಬಂದಿದೆ.
ಮೂರು ವರ್ಷದ ಕಡತ ತೆಗೆದು ತುಂಬಬೇಕು:
ಯಾರಿಗೆ ಆಯಿತು, ಎಲ್ಲಿ, ಎಷ್ಟು ಗಂಟೆಗೆ,
ಬೆಳಕಿತ್ತೇ, ಜೊತೆಗೆ ಯಾರಿದ್ದರು,
ಒಟ್ಟು ಹದಿನಾಲ್ಕು ಕಾಲಂ.
ನಿಮ್ಮ ಅಕ್ಷರ ಚೆಂದ ತಳೇಕರ್ ಬಾಯಿ, ಅಂದರು ಸಾಹೇಬರು,
ಸೋಮವಾರದೊಳಗೆ.

ಉಪ್ಪುಗಾಳಿಗೆ ಟ್ಯಾಗಿನ ತುದಿ ತುಕ್ಕು ಹಿಡಿದಿತ್ತು.
ಬೆರಳಿಗೆ ಕಂದು ಬಣ್ಣ. ಒರೆಸಿಕೊಂಡೇ ಶುರುಮಾಡಿದೆ.

ಬೈತ್‌ಖೋಲ ಬಂದರು, ರಾತ್ರಿ ಒಂದೂವರೆ.
ದುಃಖಿಶ್ಯಾಮ ಬೆಹೆರಾ, ಒಡಿಶಾದವ, ಟ್ರಾಲರಿನ ಖಲಾಸಿ.
ಬ್ಯಾಂಕಿನ ಖಾತೆ ಇಲ್ಲ, ಬಾಡಿಗೆಯ ಕೋಣೆ ಇಲ್ಲ,
ಇಡೀ ಹಂಗಾಮಿನ ದುಡಿಮೆ ಸೊಂಟಕ್ಕೆ ಸುತ್ತಿ
ಬಲೆಯ ರಾಶಿಯ ಮೇಲೆ ನಿದ್ದೆ ಹೋದವ.
ಲುಂಗಿಯನ್ನು ಬ್ಲೇಡಿನಲ್ಲಿ ಸೀಳಿದ್ದರು,
ಚರ್ಮಕ್ಕೆ ತಾಗದಷ್ಟು ನಾಜೂಕು.
ತಾರೀಖು ಮೇ ಮೂವತ್ತೊಂದು.
ಮರುದಿನದಿಂದ ಬೋಟು ಇಳಿಯುವುದಿಲ್ಲ;
ವರ್ಷದಲ್ಲಿ ಆ ಒಂದು ರಾತ್ರಿ
ಎಲ್ಲ ಖಲಾಸಿಗಳ ಸೊಂಟವೂ ದಪ್ಪ.
ಬಂದರಿಗೆ ಗೊತ್ತಿತ್ತು, ಕಳ್ಳನಿಗೆ ಗೊತ್ತಿತ್ತು,
ನಮಗೂ ಗೊತ್ತಿತ್ತು.
ಗಸ್ತಿನ ಜೀಪು ಆಗ ಎಲ್ಲಿತ್ತು?
ಅದಕ್ಕೆ ಕಾಲಂ ಇಲ್ಲ.

ಕೋಡಿಬಾಗ, ಬೆಳಗಿನ ಜಾವ ಐದು.
ಸುಗಂಧಾ ಹರಿಕಂತ್ರ, ತಲೆಯ ಮೇಲೆ ಬುಟ್ಟಿ, ಅಂದರೆ
ಎರಡೂ ಕೈ ಮೇಲೆ, ಕೊರಳು ಬಯಲು.
ಆರನೇ ಕಂಬದ ದೀಪ ಉರಿಯುತ್ತಿರಲಿಲ್ಲ.
ಮೂರು ವಾರ ಬಿಟ್ಟು ಮತ್ತೆ ಅದೇ ಕಂಬ, ಅದೇ ಸುಗಂಧಾ.
ಈ ಸಲ ಸರ ಒಂದು ಗ್ರಾಂ ಬಂಗಾರದ್ದು.
ಮೋಸಹೋದ ಸಿಟ್ಟಿಗೆ ಬೈಕು ತಿರುಗಿಸಿ ಬಂದು
ಕೆನ್ನೆಗೆ ಹೊಡೆದು ಹೋದ.
ಮತ್ತೆ ಅದೇ ದಾರಿ ಎಂತಕ್ಕೆ ಹಿಡಿದೆ, ಕೇಳಿದ್ದೆ ನಾನು.
ದೋಣಿ ಬರುವಲ್ಲಿಗೆ ಇನ್ನೊಂದು ದಾರಿ
ನೀನು ಹಾಕಿಸಿಕೊಡು ಬಾಯಿ, ಅಂದಳು.
ನನ್ನ ಪ್ರಶ್ನೆ ಹೇಳಿಕೆಯಲ್ಲಿದೆ. ಅವಳ ಉತ್ತರ ಇಲ್ಲ.

ಕಾಜುಬಾಗದ ಮುಜಮ್ಮಿಲನ ಮೊಬೈಲ್ ಅಂಗಡಿ, ಮೂರು ಸಲ.
ಮೊದಲ ಸಲ ಕಳ್ಳ ಕಿಟಕಿಯನ್ನು ಕಲಿತುಹೋದ.
ಸಾಲ ಮಾಡಿ ಹೊಸ ಮಾಲು ತುಂಬುವವರೆಗೆ ಕಾದ.
ಮೂರನೇ ಸಲ ದೂರು ಬರೆಸುವಾಗ ಮುಜಮ್ಮಿಲ್
ತನ್ನದೇ ತಪ್ಪಿಗೆ ಕ್ಷಮೆ ಕೇಳುವ ಹುಡುಗನ ಹಾಗೆ
ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ.

ಹನ್ನೊಂದನೇ ಕಾಲಂ: ಆರೋಪಿಗೂ ನೊಂದವರಿಗೂ ಸಂಬಂಧ.
ಇಲ್ಲಿ ‘ಅಪರಿಚಿತ’ ಎಂದು ಬರೆದು ಬರೆದು
ಕೈ ಸೋಲುತ್ತದೆ ಅಂದುಕೊಂಡಿದ್ದೆ.
ಗಂಡ. ಮೈದುನ. ಚೀಟಿ ನಡೆಸುವ ಅಕ್ಕ.
ಟ್ಯೂಷನ್ ಸರ್. ಗಂಡ. ಬೋಟಿನ ತಾಂಡೇಲ.
ಮತ್ತೆ ಗಂಡ.
ಸ್ಥಳ, ಅಡುಗೆಮನೆ. ಸಮಯ, ಸಂಜೆ ಏಳೂವರೆ.
ಬೆಳಕು, ಟ್ಯೂಬ್‌ಲೈಟು, ಚೆನ್ನಾಗಿಯೇ ಇತ್ತು.
ಜೊತೆಗಿದ್ದವರು, ಮಕ್ಕಳು.
ಬಸ್‌ಸ್ಟ್ಯಾಂಡಿನಲ್ಲಿ ನಾವೇ ಹಚ್ಚಿದ ಬೋರ್ಡು ನೆನಪಾಯಿತು:
ಅಪರಿಚಿತರಿದ್ದಾರೆ, ಎಚ್ಚರಿಕೆ.

ಒಂದು ಮಾತು. ಸಮವಸ್ತ್ರ ಕಳಚಿಟ್ಟು
ರಾತ್ರಿ ಕಾಳಿ ಸೇತುವೆ ದಾಟುವಾಗ
ನಾನೂ ಸ್ಕೂಟರನ್ನು ಲಾರಿಯ ಬೆನ್ನಿಗೇ ಓಡಿಸುತ್ತೇನೆ.
ಇದು ಯಾವ ಕಾಲಮ್ಮಿಗೂ ಅಲ್ಲ, ಹೀಗೇ ಹೇಳಿದೆ.

ಭಾನುವಾರ ರಾತ್ರಿ ಲೆಕ್ಕ ಮುಗಿಯಿತು.
ಸಾಹೇಬರು ಕನ್ನಡಕ ಏರಿಸಿ ನೋಡಿದರು:
ಕೊನೆಯಲ್ಲೊಂದು ಸಾಲು ಖಾಲಿ ಬಿಟ್ಟಿದ್ದೀರಿ.
ಬಿಟ್ಟಿದ್ದೇನೆ ಸರ್.
ಒಬ್ಬಳು ಬರುತ್ತಾಳೆ, ಮೀನುಪೇಟೆಯ ಸಂತೆಚೀಲ ಹಿಡಿದು,
ಬಳೆ ಒಂದೇ ಕೈಯಲ್ಲಿ.
ಗೇಟಿನ ಪಕ್ಕದ ನಲ್ಲಿಯಲ್ಲಿ ನೀರು ಕುಡಿಯುತ್ತಾಳೆ,
ಗಂಟೆ ಎಷ್ಟೆಂದು ಸೆಂಟ್ರಿಯನ್ನು ಕೇಳುತ್ತಾಳೆ,
ಹೋಗುತ್ತಾಳೆ. ನಾಲ್ಕು ಗುರುವಾರ ಆಯಿತು.

ಹೆಸರಿಲ್ಲದ್ದನ್ನು ಕಳಿಸಲಾಗುವುದಿಲ್ಲ, ಅಂದರು, ಹೊಡೆದುಹಾಕಿ.
ಹೊಡೆದುಹಾಕಿದೆ, ಸ್ಕೇಲು ಇಟ್ಟು, ನೀಟಾಗಿ.

ನನ್ನ ಕುರ್ಚಿಯನ್ನು ಮಾತ್ರ
ಕಿಟಕಿಯ ಕಡೆ ಎಳೆದುಕೊಂಡಿದ್ದೇನೆ.
ಅಲ್ಲಿಂದ ನಲ್ಲಿ ಕಾಣುತ್ತದೆ.